ಹೊಸ ಅಪಾರ್ಟ್‌ಮೆಂಟಿನಲ್ಲಿ ಇಂಟರ್ನೆಟ್‌ಗೆ ಒಂದೇ ಕಂಪನಿ, ಯಾಕೆ?

ಪ್ರಶ್ನೆ: ನಾವು ಬಹಳ ವರ್ಷ ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಬೀದಿಯಲ್ಲಿ ನಾಲ್ಕೈದು ಕಂಪನಿಗಳ ಇಂಟರ್ನೆಟ್ ಸಿಗುತ್ತಿತ್ತು. ಒಂದು ಸರಿಹೋಗದಿದ್ದರೆ ಇನ್ನೊಂದಕ್ಕೆ ಹೋಗುತ್ತಿದ್ದೆವು, ತಿಂಗಳಿಗೆ ಆರೇಳುನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಈಚೆಗೆ ಆಫೀಸಿಗೆ ಹತ್ತಿರವಾಗಲೆಂದು ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟಿಗೆ ಬಂದೆವು. ಈಜುಕೊಳ, ಜಿಮ್ ಎಲ್ಲ ಇದೆ, ಆದರೆ ಇಂಟರ್ನೆಟ್‌ಗೆ ಇರುವುದು ಒಂದೇ ಕಂಪನಿ. ಅವರ ಅತಿ ಕಡಿಮೆಯ ಪ್ಲ್ಯಾನೇ ತಿಂಗಳಿಗೆ ಸಾವಿರ ದಾಟುತ್ತದೆ, ಅದನ್ನೂ ಆರು ತಿಂಗಳಿಗೆ ಒಟ್ಟಿಗೆ ಕಟ್ಟಬೇಕು. ಹಳೆಯ ಕಂಪನಿಗೆ ಫೋನ್ ಮಾಡಿದರೆ, ‘ನಿಮ್ಮ ಏರಿಯಾದಲ್ಲಿ ಇದ್ದೇವೆ, ನಿಮ್ಮ ಬಿಲ್ಡಿಂಗಿಗೆ ಫೀಸಿಬಿಲಿಟಿ ಇಲ್ಲ’ ಅನ್ನುತ್ತಾರೆ. ಗೇಟಿನ ಎದುರಿನ ಮನೆಗೆ ಕೊಡುವವರು ನಮಗೆ ಯಾಕೆ ಕೊಡುವುದಿಲ್ಲ? ಇದಕ್ಕೆ ಕಾನೂನು ಏನಾದರೂ ಇದೆಯೇ? ನಾವು ಏನು ಮಾಡಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಹಳೆಯ ಬಡಾವಣೆಯ ಮಾಮೂಲಿ ಬೀದಿಯಲ್ಲಿ ಇದ್ದ ಆಯ್ಕೆ ಲಕ್ಷಾಂತರ ಅಡ್ವಾನ್ಸ್ ಕೊಟ್ಟು ಸೇರಿದ ಅಪಾರ್ಟ್‌ಮೆಂಟಿನಲ್ಲಿ ಇಲ್ಲವೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಚಿಕ್ಕದಾಗಿ ಹೇಳುವುದಾದರೆ, ಊರಿನಲ್ಲಿ ಎಷ್ಟು ಕಂಪನಿಗಳಿವೆ ಎನ್ನುವುದು ನಿಮ್ಮ ಆಯ್ಕೆಯನ್ನು ತೀರ್ಮಾನಿಸುವುದಿಲ್ಲ. ಕಟ್ಟಡದೊಳಗೆ ಈಗ ಯಾರ ಕೇಬಲ್ ಇದೆ, ಇನ್ನೊಬ್ಬರ ಕೇಬಲಿಗೆ ಜಾಗವಿದೆಯೇ, ಆ ಜಾಗಕ್ಕೆ ಅನುಮತಿ ಕೊಡುವವರು ಯಾರು, ಈ ಮೂರೇ ಅದನ್ನು ತೀರ್ಮಾನಿಸುತ್ತವೆ. ನೀವು ಮನೆ ನೋಡಲು ಹೋಗುವ ಎಷ್ಟೋ ವರ್ಷ ಮೊದಲೇ, ಕಟ್ಟಡ ಏಳುವಾಗಲೇ, ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಾಗಿರುತ್ತದೆ. ಅದನ್ನು ಬದಲಿಸಲು ಆಗುವುದಿಲ್ಲವೆಂದಲ್ಲ. ಆದರೆ ಎಲ್ಲಿ ಕೈಹಾಕಬೇಕು ಎಂದು ತಿಳಿಯಲು ಆ ಕೇಬಲ್ ಬರುವ ದಾರಿಯನ್ನು ನೋಡಬೇಕು.

ಎದುರು ಮನೆಗಿದೆ, ನಮಗೇಕಿಲ್ಲ?

ಫೈಬರ್ ಇಂಟರ್ನೆಟ್ ನಿಮ್ಮ ಮನೆಗೆ ಬರುವುದು ಕವಲೊಡೆಯುತ್ತಾ. ಬಡಾವಣೆಗೊಂದರಂತೆ ಕಂಪನಿಯ ಒಂದು ಕೇಂದ್ರ ಉಪಕರಣ ಇರುತ್ತದೆ, ಅದನ್ನು ಓಎಲ್‌ಟಿ ಎನ್ನುತ್ತಾರೆ. ಅದರ ಒಂದೊಂದು ಪೋರ್ಟಿನಿಂದ ಕೂದಲೆಳೆಯಂಥ ಒಂದೇ ಗಾಜಿನ ಎಳೆ ಹೊರಡುತ್ತದೆ. ಕಂಬದ ಮೇಲಿನ ಅಥವಾ ಕಟ್ಟಡದ ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿರುವ ಸ್ಪ್ಲಿಟರ್ ಆ ಬೆಳಕನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಅಲ್ಲಿಂದ ನಿಮ್ಮ ಮನೆಯವರೆಗೆ ಬರುವ ತೆಳ್ಳನೆಯ ಕಪ್ಪು ಅಥವಾ ಬಿಳಿ ಕೇಬಲ್ ಡ್ರಾಪ್ ಕೇಬಲ್. ಮನೆಯೊಳಗೆ ಅದನ್ನು ಸಿಕ್ಕಿಸಿಕೊಳ್ಳುವ ಪೆಟ್ಟಿಗೆ ಓಎನ್‌ಟಿ. ಕೆಂಪು ದೀಪ ಹತ್ತಿದರೆ ನಾವೆಲ್ಲ ಗಾಬರಿಯಾಗುವುದು ಅದನ್ನೇ ನೋಡಿ.

ನಮ್ಮಲ್ಲಿ ಬಹುಪಾಲು ಮನೆಗಳಿಗೆ ಬರುವುದು ಹೀಗೆ ಒಂದೇ ಎಳೆಯ ಬೆಳಕನ್ನು ಹಂಚುವ ಜಿಪಾನ್ ಎಂಬ ತಂತ್ರಜ್ಞಾನ. ಇದರಲ್ಲಿ ಕೇಂದ್ರದಿಂದ ಮನೆಗಿರುವ ದೂರ 20 ಕಿಲೋಮೀಟರ್ ಆದರೂ ಬೆಳಕು ತಲುಪುತ್ತದೆ. ಹಾಗಾಗಿ ‘ಫೀಸಿಬಿಲಿಟಿ ಇಲ್ಲ’ ಎಂದರೆ ದೂರ ಹೆಚ್ಚಾಯಿತೆಂದು ಅರ್ಥವಲ್ಲ. ಹಿಂದೆ ತಾಮ್ರದ ತಂತಿಯ ಡಿಎಸ್‌ಎಲ್ ಕಾಲದಲ್ಲಿ ದೂರವೇ ದೊಡ್ಡ ಅಡ್ಡಿಯಾಗಿತ್ತು, ಎಕ್ಸ್‌ಚೇಂಜ್‌ನಿಂದ ಮೂರ್ನಾಲ್ಕು ಕಿಲೋಮೀಟರ್ ದಾಟಿದರೆ ವೇಗ ಕುಸಿಯುತ್ತಿತ್ತು. ಈಗ ಆ ಮಾತಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಅರ್ಥವಿರುತ್ತದೆ. ಹತ್ತಿರದ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ ಪೋರ್ಟ್ ಖಾಲಿಯಿಲ್ಲದಿರಬಹುದು. ನಿಮ್ಮ ಕಟ್ಟಡದೊಳಗೆ ಅವರ ಪೆಟ್ಟಿಗೆಯೇ ಇಲ್ಲದಿರಬಹುದು. ಇಲ್ಲವೇ ಪೆಟ್ಟಿಗೆ ಇಡಲು ಅವರಿಗೆ ಅನುಮತಿ ಸಿಕ್ಕಿಲ್ಲದಿರಬಹುದು. ಗೇಟಿನ ಎದುರಿನ ಮನೆಗೆ ಕೊಡುವವರು ನಿಮಗೆ ಕೊಡದೇ ಇರುವುದಕ್ಕೆ ಕಾರಣ ಬಹುಶಃ ಎರಡನೆಯದು ಅಥವಾ ಮೂರನೆಯದು. ಮುಂದಿನ ಸಲ ಫೋನ್ ಮಾಡಿದಾಗ ಈ ಮೂರರಲ್ಲಿ ಯಾವುದು ಎಂದು ಬಿಡಿಸಿ ಕೇಳಿ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಹಳೆಯ ಬೀದಿಯ ಅನುಕೂಲ

ವಿಜಯನಗರದಲ್ಲಿ ನಿಮಗೆ ಅಷ್ಟೊಂದು ಆಯ್ಕೆ ಇದ್ದದ್ದು ಯಾರೂ ಯೋಜಿಸಿ ಕೊಟ್ಟದ್ದಲ್ಲ. ತೊಂಬತ್ತರ ದಶಕದಲ್ಲಿ ಬೀದಿ ಬೀದಿಗೆ ಕೇಬಲ್ ಟಿವಿ ಎಳೆದವರ ಜಾಲವೇ ಮುಂದೆ ಇಂಟರ್ನೆಟ್‌ಗೂ ದಾರಿಯಾಯಿತು. ಬೆಂಗಳೂರಿನಲ್ಲೇ ಹುಟ್ಟಿ ದೇಶದ ದೊಡ್ಡ ಬ್ರಾಡ್‌ಬ್ಯಾಂಡ್ ಕಂಪನಿಗಳಲ್ಲಿ ಒಂದಾದ ಆ್ಯಕ್ಟ್ ಕೂಡ ಕೇಬಲ್ ಟಿವಿಯಿಂದ ಶುರುವಾದದ್ದು. ಕಂಬದಿಂದ ಕಂಬಕ್ಕೆ, ಮರದಿಂದ ಮಹಡಿಗೆ ಕೇಬಲ್ ಎಳೆದರೆ ಮನೆ ಮುಟ್ಟಿದಂತೆ. ಮನೆ ಮಾಲೀಕರೊಬ್ಬರು ಹೂಂ ಅಂದರೆ ಸಾಕಿತ್ತು. ಒಳಬರುವ ಖರ್ಚು ಕಡಿಮೆ, ಹಾಗಾಗಿ ಕಂಪನಿಗಳು ಹೆಚ್ಚು. ಕಂಪನಿ ಹೆಚ್ಚಿದ್ದಲ್ಲಿ ದರ ಇಳಿಯಿತು, ದೂರು ಕೊಟ್ಟರೆ ಅದೇ ಸಂಜೆ ಹುಡುಗ ಬರುತ್ತಿದ್ದ.

ಅದರ ಕಷ್ಟವೂ ನಿಮಗೆ ಗೊತ್ತಿದೆ. ಅನುಮತಿಯಿಲ್ಲದೆ ತೂಗಾಡುವ ಕೇಬಲ್‌ಗಳನ್ನು ಪಾಲಿಕೆಯವರೂ ಬೆಸ್ಕಾಂನವರೂ ಆಗಾಗ ಕತ್ತರಿಸುತ್ತಾರೆ. ಫುಟ್‌ಪಾತಿನಲ್ಲಿ ಜನ ಎಡವುತ್ತಾರೆ, ಕಂಬ ಹತ್ತುವ ಲೈನ್‌ಮನ್ನುಗಳಿಗೆ ಅದು ಅಪಾಯ. ಆ ಕೇಬಲ್ ಜೊಂಪೆಯೇ ವಾಪಸ್ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೇಬಲ್ ನೆಲದಡಿಗೆ ಹೋದಾಗ, ಕಟ್ಟಡದೊಳಗಿನ ಶಾಫ್ಟ್ ಸೇರಿದಾಗ, ಆ ದಾರಿಗೊಬ್ಬ ಒಡೆಯ ಹುಟ್ಟಿಕೊಳ್ಳುತ್ತಾನೆ. ಅಂದವಾಗಿರುವ ದಾರಿ ಎಲ್ಲರಿಗೂ ತೆರೆದೂ ಇರಬೇಕು ಎಂಬುದನ್ನು ನಮ್ಮ ಹೊಸ ಕಟ್ಟಡಗಳು ಮರೆತಿವೆ.

ಗೇಟಿನೊಳಗೆ ಆಗುವುದು

ಬಿಲ್ಡರ್ ಕಟ್ಟಡ ಕಟ್ಟುವಾಗ ಕಂಪನಿಯೊಂದು ಬಂದು, ‘ಒಳಗಿನ ಕೇಬಲ್ ಕೆಲಸವನ್ನೆಲ್ಲ ನಮ್ಮ ಖರ್ಚಿನಲ್ಲೇ ಮಾಡಿಕೊಡುತ್ತೇವೆ’ ಎನ್ನುತ್ತದೆ. ಬಿಲ್ಡರಿಗೆ ಖರ್ಚು ಉಳಿಯಿತು. ಕಂಪನಿಗೆ ನೂರಾರು ಮನೆಗಳು ಒಂದೇ ಕಡೆ ಸಿಕ್ಕವು. ಶಾಫ್ಟಿನಿಂದ ಒಂದೊಂದು ಫ್ಲ್ಯಾಟಿಗೆ ಹೋಗುವ ಸಣ್ಣ ಪಿವಿಸಿ ಪೈಪು ಸಾಮಾನ್ಯವಾಗಿ ಒಂದೇ. ಡಿಟಿಎಚ್ ಕೇಬಲ್, ಇಂಟರ್‌ಕಾಮ್ ತಂತಿ, ಮೊದಲ ಕಂಪನಿಯ ಕೇಬಲ್ ಇಷ್ಟು ಸೇರಿದರೆ ಆ ಪೈಪು ಭರ್ತಿ. ಎರಡನೆಯವರು ಬಂದರೆ ಬಾಲ್ಕನಿಯ ಹೊರಗಿನಿಂದ ಇಳಿಬಿಡಬೇಕು, ಅದಕ್ಕೆ ಅಸೋಸಿಯೇಷನ್ ಒಪ್ಪುವುದಿಲ್ಲ. ಹೀಗೆ ಯಾರೂ ‘ಒಂದೇ ಕಂಪನಿ’ ಎಂದು ಕಾಗದದಲ್ಲಿ ಬರೆಯದಿದ್ದರೂ ಕೊನೆಗೆ ಉಳಿಯುವುದು ಒಂದೇ ಕಂಪನಿ.

ಕೆಲವು ಕಡೆ ಕಾಗದದಲ್ಲೂ ಇರುತ್ತದೆ. ಇಷ್ಟು ವರ್ಷ ಬೇರೆಯವರನ್ನು ಬಿಡುವುದಿಲ್ಲ ಎಂಬ ಒಪ್ಪಂದ, ಅಥವಾ ಒಳಬರಲು ಕಟ್ಟಬೇಕಾದ ಪ್ರವೇಶ ಶುಲ್ಕ, ಉಪಕರಣ ಇಡುವ ಕೋಣೆಗೆ ಬಾಡಿಗೆ. ಆ ಹಣ ಅಸೋಸಿಯೇಷನ್ನಿನ ನಿಧಿಗೆ ಹೋದರೂ ಕೊನೆಗೆ ಅದನ್ನು ಕಟ್ಟುವವರು ಇಂಟರ್ನೆಟ್ ಬಳಸುವ ಮನೆಯವರೇ. ಸಣ್ಣ ಕಂಪನಿಗಳು ಆ ಮೊತ್ತ ನೋಡಿ ಬರುವುದೇ ಇಲ್ಲ.

ಅಸೋಸಿಯೇಷನ್ನಿನವರ ಮಾತನ್ನೂ ಕೇಳಬೇಕು. ವಾರಕ್ಕೊಬ್ಬ ಹೊಸ ಹುಡುಗ ಬಂದು ಗೋಡೆ ಕೊರೆದು, ಫೈರ್ ಶಾಫ್ಟಿನಲ್ಲಿ ಕೇಬಲ್ ಸಿಂಬೆ ಬಿಟ್ಟು ಹೋದರೆ ಅದನ್ನು ಸರಿಮಾಡುವವರು ಅವರೇ. ಭದ್ರತೆಯ ಪ್ರಶ್ನೆಯೂ ಇದೆ. ಬಹಳಷ್ಟು ಕಾರ್ಯಕಾರಿ ಸಮಿತಿಗಳಲ್ಲಿರುವವರು ತಮ್ಮ ಕೆಲಸದ ನಡುವೆ ಸಂಬಳವಿಲ್ಲದೆ ದುಡಿಯುವವರು, ಅವರಿಗೆ ಒಬ್ಬನೇ ವೆಂಡರ್ ಇದ್ದರೆ ತಲೆನೋವು ಕಡಿಮೆ. ಆದರೆ ಆ ನೆಮ್ಮದಿಗೆ ಪ್ರತಿ ತಿಂಗಳು ಹಣ ಕಟ್ಟುವುದು ನಿವಾಸಿಗಳು. ಅವರಲ್ಲೂ ಬಾಡಿಗೆದಾರರಿಗೆ ಸಭೆಯಲ್ಲಿ ಮತವಿಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಸಾಮಾನ್ಯ ಜಾಗಗಳಲ್ಲಿ ಪಾಲಿರುವುದು ಫ್ಲ್ಯಾಟ್ ಮಾಲೀಕರಿಗೆ. ಶಾಫ್ಟು, ಡಕ್ಟು, ಬೇಸ್‌ಮೆಂಟು ಎಲ್ಲ ಆ ಸಾಮಾನ್ಯ ಜಾಗವೇ. ಹಾಗಾಗಿ ನಿಮ್ಮ ದನಿ ಅಲ್ಲಿಗೆ ಹೋಗಬೇಕಾದರೆ ನಿಮ್ಮ ಮನೆ ಮಾಲೀಕರ ಮೂಲಕವೇ ಹೋಗಬೇಕು. ಈ ಮಾತಿಗೆ ಮತ್ತೆ ಬರುತ್ತೇನೆ.

ಕಾನೂನು ಎಲ್ಲಿಯವರೆಗೆ ಬಂದಿದೆ?

ಈ ತೊಂದರೆ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರ ಜನವರಿಯಲ್ಲಿ ಕಟ್ಟಡಗಳ ಒಳಗಿನ ಪ್ರವೇಶದ ಬಗ್ಗೆಯೇ ಪ್ರತ್ಯೇಕ ಶಿಫಾರಸು ಕೊಟ್ಟಿತು. ಕಟ್ಟಡದೊಳಗಿನ ಕೇಬಲ್, ಡಕ್ಟುಗಳನ್ನು ಕಂಪನಿಗಳು ಹಂಚಿಕೊಳ್ಳಬೇಕು, ಬೇರೆಯವರನ್ನು ಹೊರಗಿಡುವ ಒಪ್ಪಂದಗಳು ಇರಬಾರದು ಎಂಬುದು ಅದರ ತಿರುಳು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಸಂಪರ್ಕ ವ್ಯವಸ್ಥೆಗೆ ಒಂದು ಪ್ರತ್ಯೇಕ ಭಾಗವನ್ನೇ ಇಟ್ಟು, ಕಟ್ಟಡದ ನಕ್ಷೆಯಲ್ಲೇ ಅದಕ್ಕೆ ಜಾಗ ಬಿಡಬೇಕೆಂದಿತು. ಆದರೆ ಶಿಫಾರಸು ಶಿಫಾರಸೇ. ಸಂಹಿತೆ ನಿಯಮವಾಗಬೇಕಾದರೆ ರಾಜ್ಯ ಮತ್ತು ಪಾಲಿಕೆಗಳು ತಮ್ಮ ಬೈಲಾಗಳಿಗೆ ಅದನ್ನು ತಂದು, ನಕ್ಷೆ ಮಂಜೂರು ಮಾಡುವಾಗ ಪರಿಶೀಲಿಸಬೇಕು.

2023ರ ದೂರಸಂಪರ್ಕ ಕಾಯ್ದೆ ಮತ್ತು ಅದರಡಿ 2025ರ ಜನವರಿ 1ರಿಂದ ಜಾರಿಗೆ ಬಂದ ಮಾರ್ಗಾಧಿಕಾರ ನಿಯಮಗಳು ರಸ್ತೆ, ಪಾರ್ಕು, ಸರ್ಕಾರಿ ಕಟ್ಟಡಗಳಂಥ ಸಾರ್ವಜನಿಕ ಆಸ್ತಿಯಲ್ಲಿ ಕೇಬಲ್ ಎಳೆಯುವ ದಾರಿಯನ್ನು ಸುಗಮ ಮಾಡಿವೆ. ಅಲ್ಲಿ ಭೇದಭಾವ ಮಾಡದೆ, ಆದಷ್ಟೂ ಒಬ್ಬರಿಗೇ ಮೀಸಲಿಡದೆ ಅನುಮತಿ ಕೊಡಬೇಕು ಎಂದಿದೆ. ಖಾಸಗಿ ಆಸ್ತಿಗೆ ಬಂದಾಗ ಕಂಪನಿ ಆಸ್ತಿಯ ಒಡೆತನ ಅಥವಾ ನಿರ್ವಹಣೆ ಉಳ್ಳವರಿಗೆ ಅರ್ಜಿ ಹಾಕಿ ಒಪ್ಪಂದ ಮಾಡಿಕೊಳ್ಳಬೇಕು. ನಿಮ್ಮ ಸಮಸ್ಯೆ ನಿಂತಿರುವುದು ಇಲ್ಲೇ, ರಸ್ತೆಯಿಂದ ಗೇಟಿನೊಳಗೆ ಕಾಲಿಡುವ ಆ ಕೆಲವೇ ಅಡಿಗಳಲ್ಲಿ.

2024ರ ಅಕ್ಟೋಬರಿನಲ್ಲಿ ಟ್ರಾಯ್ ಇನ್ನೊಂದು ಹೆಜ್ಜೆ ಇಟ್ಟಿತು. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ಸ್ಟಾರ್ ರೇಟಿಂಗ್ ಕೊಡುವ ನಿಯಮಾವಳಿ ತಂದಿತು. ಫೈಬರ್ ಸಿದ್ಧತೆ, ಒಳಗಿನ ಮೊಬೈಲ್ ಸಿಗ್ನಲ್, ಬ್ರಾಡ್‌ಬ್ಯಾಂಡ್ ಸೇವೆ ಎಲ್ಲವನ್ನೂ ನೋಂದಾಯಿತ ಸಂಸ್ಥೆಗಳು ಅಳೆದು ರೇಟಿಂಗ್ ಕೊಡುತ್ತವೆ. ಒಳ್ಳೆಯ ಯೋಚನೆ. ಆದರೆ ಇದು ಐಚ್ಛಿಕ, ಬಿಲ್ಡರ್ ಅಥವಾ ಅಸೋಸಿಯೇಷನ್ ಅರ್ಜಿ ಹಾಕಿದರೆ ಮಾತ್ರ. ಮನೆ ಕೊಳ್ಳುವವರು, ಬಾಡಿಗೆಗೆ ಬರುವವರು ‘ನಿಮ್ಮ ರೇಟಿಂಗ್ ಎಷ್ಟು?’ ಎಂದು ಕೇಳಲು ಶುರುಮಾಡಿದಾಗಲೇ ಅದಕ್ಕೆ ಬೆಲೆ.

ಅಮೆರಿಕದಲ್ಲೂ ಇದೇ ಜಗಳ ನಡೆದಿದೆ. ಅಲ್ಲಿನ ಸಂಪರ್ಕ ಆಯೋಗ 2008ರಲ್ಲಿ ವಸತಿ ಕಟ್ಟಡಗಳಲ್ಲಿ ಒಂದೇ ದೂರಸಂಪರ್ಕ ಕಂಪನಿಗೆ ಪ್ರವೇಶ ಮೀಸಲಿಡುವ ಒಪ್ಪಂದಗಳನ್ನು ನಿಷೇಧಿಸಿತು. ಆಮೇಲೆ ಕಂಪನಿಗಳು ಮಾಲೀಕರೊಂದಿಗೆ ಆದಾಯ ಹಂಚಿಕೊಳ್ಳುವ ದಾರಿ ಹಿಡಿದವು. 2022ರಲ್ಲಿ ಆಯೋಗ ಬೇರೆಯವರನ್ನು ಹೊರಗಿಡುವಂಥ ಆದಾಯ ಹಂಚಿಕೆಯನ್ನೂ ತಡೆಯಿತು. ನಿಯಮವೊಂದನ್ನು ಮಾಡಿಬಿಟ್ಟರೆ ಸಾಲದು, ಅದರ ಸಂದುಗಳನ್ನೂ ಮುಚ್ಚುತ್ತಿರಬೇಕು ಎಂಬುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ 2017ರ ಆ ಶಿಫಾರಸಿನ ತಿರುಳು ಕಟ್ಟುನಿಟ್ಟಿನ ನಿಯಮವಾಗಿ ಪ್ರತಿ ಅಪಾರ್ಟ್‌ಮೆಂಟಿನ ಗೇಟಿಗೂ ಅನ್ವಯಿಸಬೇಕು ಎಂಬುದೇ ನನ್ನ ದೃಢವಾದ ನಿಲುವು.

ದರ ಏಕೆ ಏರಿತು?

ಒಂದು ಕಾರಣ ಸ್ಪಷ್ಟ, ಪೈಪೋಟಿ ಇಲ್ಲದ ಕಡೆ ಕಡಿಮೆ ದರದ ಪ್ಲ್ಯಾನನ್ನು ತೋರಿಸುವ ಅಗತ್ಯ ಕಂಪನಿಗಿಲ್ಲ. ಜಾಹೀರಾತಿನಲ್ಲಿ ಕಾಣುವ ದರಕ್ಕೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. 999 ರೂಪಾಯಿಯ ಪ್ಲ್ಯಾನ್ ಬಿಲ್ಲಿನಲ್ಲಿ 1,179 ಆಗುವುದು ಹೀಗೆ. ಅದರ ಮೇಲೆ ಇನ್‌ಸ್ಟಲೇಷನ್ ಶುಲ್ಕ, ರೌಟರ್ ಠೇವಣಿ. ಆರು ತಿಂಗಳು ಅಥವಾ ಒಂದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಆ ಶುಲ್ಕ ಬಿಡುತ್ತೇವೆ ಎನ್ನುತ್ತಾರೆ. ಸ್ವಂತ ಮನೆಯವರಿಗೆ ಅದು ಲಾಭವೇ. ಆದರೆ ನಮ್ಮ ಊರಿನ ಬಾಡಿಗೆ ಕರಾರು 11 ತಿಂಗಳದ್ದು. 12 ತಿಂಗಳ ಹಣ ಮುಂಗಡ ಕಟ್ಟಿದ ಬಾಡಿಗೆದಾರರು ಕರಾರು ನವೀಕರಣವಾಗದಿದ್ದರೆ ಉಳಿದ ತಿಂಗಳ ಹಣಕ್ಕೆ ಅಲೆಯಬೇಕಾಗುತ್ತದೆ. ಹೊಸ ಮನೆಯಲ್ಲಿ ಆ ಕಂಪನಿಗೆ ‘ಫೀಸಿಬಿಲಿಟಿ’ ಇಲ್ಲದಿದ್ದರಂತೂ ಕನೆಕ್ಷನ್ ವರ್ಗಾಯಿಸುವ ಸೌಲಭ್ಯಕ್ಕೂ ಅರ್ಥವಿಲ್ಲ.

ಮೊಬೈಲಿನಲ್ಲಿ ಹೀಗಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು. ಅತೃಪ್ತ ಗ್ರಾಹಕ ಹೊರಟುಹೋಗುತ್ತಾನೆ ಎಂಬ ಭಯ ಕಂಪನಿಗಳಿಗಿದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಒಯ್ಯಲು ನಂಬರಿನಂಥದ್ದೇನೂ ಇಲ್ಲ, ಇರುವುದು ಗೋಡೆಯೊಳಗಿನ ಕೇಬಲ್. ಮನೆ ಬದಲಿಸಿದಾಗ ನೀವು ಮತ್ತೆ ಹೊಸ ಗ್ರಾಹಕರೇ. ಅದಕ್ಕೇ ಮನೆ ಬದಲಿಸುವ ಹೊತ್ತಿಗೇ ನಮ್ಮ ಕೈ ಅತ್ಯಂತ ದುರ್ಬಲವಾಗಿರುತ್ತದೆ. ಸೋಮವಾರ ಬೆಳಿಗ್ಗೆ ಮೀಟಿಂಗ್ ಇದೆ, ಮಗಳಿಗೆ ಆನ್‌ಲೈನ್ ಕ್ಲಾಸ್ ಇದೆ ಎಂದಾದರೆ ಸಿಕ್ಕಿದ್ದಕ್ಕೆ ಸಹಿ ಹಾಕುತ್ತೇವೆ.

ಒಂದು ಸಮಾಧಾನವೂ ಇದೆ. ನಿಮಗೆ ಬೇಕಾದ ವೇಗ ಮಾರಾಟದವರು ಹೇಳುವಷ್ಟಿರುವುದಿಲ್ಲ. ಒಂದು ವಿಡಿಯೊ ಮೀಟಿಂಗಿಗೆ ಮೂರ್ನಾಲ್ಕು ಎಂಬಿಪಿಎಸ್ ಸಾಕು. ಎಚ್‌ಡಿ ಸಿನಿಮಾಕ್ಕೆ 5, 4ಕೆ ಸಿನಿಮಾಕ್ಕೆ 15ರಿಂದ 25. ನಾಲ್ವರ ಕುಟುಂಬಕ್ಕೆ 50 ಎಂಬಿಪಿಎಸ್ ಸಾಮಾನ್ಯವಾಗಿ ಧಾರಾಳ, 100 ಇದ್ದರೆ ಇನ್ನೂ ನಿರಾಳ. 300ರ ಪ್ಲ್ಯಾನ್ ಹಾಕಿಸಿಕೊಂಡರೂ ಮಲಗುವ ಕೋಣೆಯಲ್ಲಿ ವೇಗ ಸಿಗದಿರುವುದು ಹೆಚ್ಚಾಗಿ ವೈಫೈ ತೊಂದರೆಯಿಂದ. ಈಗಿನ ಎಷ್ಟೋ ಬಹುಮಹಡಿ ಕಟ್ಟಡಗಳಲ್ಲಿ ಇಟ್ಟಿಗೆ ಗೋಡೆಯ ಬದಲು ಕಬ್ಬಿಣ ಹೆಣೆದ ಕಾಂಕ್ರೀಟ್ ಗೋಡೆಗಳಿರುತ್ತವೆ. 5 ಗಿಗಾಹರ್ಟ್ಸ್ ವೈಫೈ ಅಂಥ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ದುಬಾರಿ ಪ್ಲ್ಯಾನಿಗೆ ಹೋಗುವ ಮೊದಲು ರೌಟರನ್ನು ಮನೆಯ ನಡುವೆ ಇಟ್ಟು ನೋಡಿ, ಅಥವಾ ಕೆಲಸದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ ಅಳೆಯಿರಿ.

ನೀವು ಈಗ ಏನು ಮಾಡಬಹುದು?

ಮೊದಲಿಗೆ, ಆರು ತಿಂಗಳ ಹಣ ಕಟ್ಟುವ ಮೊದಲು ತಿಂಗಳ ಪ್ಲ್ಯಾನ್ ಬೇಕೆಂದು ಪಟ್ಟು ಹಿಡಿಯಿರಿ. ಇನ್‌ಸ್ಟಲೇಷನ್ ಶುಲ್ಕ ಕೊಟ್ಟಾದರೂ ತಿಂಗಳ ಲೆಕ್ಕದಲ್ಲಿ ಇರುವುದು ಬಾಡಿಗೆದಾರರಿಗೆ ಸುರಕ್ಷಿತ. ಮುಂಗಡ ಕಟ್ಟಲೇಬೇಕಾದರೆ, ಮನೆ ಬದಲಿಸಿದಾಗ ಉಳಿದ ಹಣ ಏನಾಗುತ್ತದೆ ಎಂಬುದನ್ನು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಆಮೇಲೆ ಸಿಗುವುದಿಲ್ಲ.

ಹಳೆಯ ಮನೆಯ ಕನೆಕ್ಷನ್ ಮುಚ್ಚಿಸುವಾಗ ರೌಟರ್ ವಾಪಸ್ ಕೊಟ್ಟ ರಸೀದಿ ತಪ್ಪದೆ ಪಡೆಯಿರಿ. ಸೇವೆ ಮುಚ್ಚಿದ ಮೇಲೆ 45 ದಿನಗಳೊಳಗೆ ಠೇವಣಿ ವಾಪಸ್ ಕೊಡಬೇಕು ಎಂದು 2024ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಟ್ರಾಯ್‌ನ ಗುಣಮಟ್ಟ ನಿಯಮಾವಳಿ ಹೇಳುತ್ತದೆ. ಬಾರದಿದ್ದರೆ ಕಂಪನಿಯ ದೂರು ಕೇಂದ್ರಕ್ಕೆ ದೂರು ಕೊಟ್ಟು ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ದೂರಸಂಪರ್ಕ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಒಂದು ಮಾತು ಗಮನಿಸಿ, ಟ್ರಾಯ್ ಸ್ವತಃ ಬಿಡಿ ಗ್ರಾಹಕರ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ. ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ.

ತಾತ್ಕಾಲಿಕವಾಗಿ 5ಜಿ ಏರ್‌ಫೈಬರ್ ನೋಡಬಹುದು. 2023ರಲ್ಲಿ ಏರ್‌ಟೆಲ್, ಜಿಯೊ ಎರಡೂ ಇದನ್ನು ತಂದವು. ಇದಕ್ಕೆ ಕಟ್ಟಡದೊಳಗಿನ ಫೈಬರ್ ಬೇಡ, ಟವರಿನ ಸಿಗ್ನಲ್ ಸಾಕು. ಅದಕ್ಕೇ ಒಂದೇ ಕಂಪನಿಯ ಕಟ್ಟಡಗಳಲ್ಲಿ ಇದು ನಿಜವಾದ ಎರಡನೆಯ ಆಯ್ಕೆ. ಆದರೆ ಟವರ್ ಇರುವ ದಿಕ್ಕಿಗೆ ನಿಮ್ಮ ಫ್ಲ್ಯಾಟಿನ ಕಿಟಕಿ ಅಥವಾ ಬಾಲ್ಕನಿ ಇರಬೇಕು. ಸಂಜೆ ಹೊತ್ತು ಟವರಿನ ಮೇಲೆ ಹೊರೆ ಹೆಚ್ಚಾದಾಗ ವೇಗ ಇಳಿಯಬಹುದು. ಕೆಲವು ಪ್ಲ್ಯಾನುಗಳಲ್ಲಿ ಡೇಟಾ ಮಿತಿಯೂ ಇರುತ್ತದೆ. ಹಾಕಿಸುವ ಮೊದಲು ಅದೇ ಕಂಪನಿಯ ಸಿಮ್ ಇರುವ 5ಜಿ ಫೋನನ್ನು ಬಾಲ್ಕನಿಯಲ್ಲಿಟ್ಟು ರಾತ್ರಿ ಎಂಟು-ಒಂಬತ್ತರ ನಡುವೆ ವೇಗ ಅಳೆಯಿರಿ. ಹಗಲಿನ ಅಂಕಿ ನಂಬಬೇಡಿ.

ಶಾಶ್ವತ ಪರಿಹಾರ ಬೇರೆ

ಮೇಲೆ ಹೇಳಿದ್ದೆಲ್ಲ ನಿಮ್ಮೊಬ್ಬರ ಮನೆಗೆ. ಇಡೀ ಕಟ್ಟಡಕ್ಕೆ ಆಯ್ಕೆ ಬರಬೇಕಾದರೆ ಮಾಡುವ ಕೆಲಸ ಬೇರೆ, ಅದು ಅಷ್ಟೇನೂ ಕಷ್ಟವೂ ಅಲ್ಲ. ನೆರೆಹೊರೆಯವರಲ್ಲಿ ಇನ್ನೊಂದು ಕಂಪನಿ ಬೇಕೆನ್ನುವವರ ಪಟ್ಟಿ ಮಾಡಿ, ಬ್ಲಾಕ್ ಮತ್ತು ಫ್ಲ್ಯಾಟ್ ಸಂಖ್ಯೆ ಸಮೇತ. ಒಬ್ಬರು ಕೇಳಿದರೆ ‘ಫೀಸಿಬಿಲಿಟಿ ಇಲ್ಲ’ ಎನ್ನುವ ಕಂಪನಿ, ಒಂದೇ ಬ್ಲಾಕಿನಿಂದ ಹತ್ತಿಪ್ಪತ್ತು ಮನೆ ಕೇಳಿದರೆ ಸರ್ವೆಗೆ ಜನ ಕಳಿಸುವ ಸಾಧ್ಯತೆ ಹೆಚ್ಚು. ಒಂದು ಸ್ಪ್ಲಿಟರ್ ಪೆಟ್ಟಿಗೆ ಇಡಲು ಅಷ್ಟು ಗ್ರಾಹಕರಿದ್ದರೆ ಖರ್ಚು ಗಿಟ್ಟುತ್ತದೆ. ಪಟ್ಟಿಯನ್ನು ಕಂಪನಿಗೂ ಅಸೋಸಿಯೇಷನ್ನಿಗೂ ಒಂದೇ ದಿನ ಕೊಡಿ. ಆಗ ‘ಅವರು ಬರುವುದಿಲ್ಲ’, ‘ಇವರು ಬಿಡುವುದಿಲ್ಲ’ ಎಂದು ಒಬ್ಬರ ಮೇಲೊಬ್ಬರು ಹೇಳಿ ಜಾರಿಕೊಳ್ಳಲು ಆಗುವುದಿಲ್ಲ.

ಅಸೋಸಿಯೇಷನ್ ಮುಂದೆ ‘ಎಲ್ಲರನ್ನೂ ಬಿಡಿ’ ಎಂದಷ್ಟೇ ಹೇಳಿದರೆ ಅವರು ಗೋಡೆ ಕೊರೆಯುವ ಕಥೆ ಹೇಳುತ್ತಾರೆ, ಅದರಲ್ಲಿ ಅರ್ಥವೂ ಇದೆ. ಅದರ ಬದಲು ಒಂದು ಯೋಜನೆ ಮುಂದಿಡಿ. ಕಟ್ಟಡದ ಸ್ವಂತ ಖರ್ಚಿನಲ್ಲಿ ಪ್ರತಿ ಫ್ಲ್ಯಾಟಿನಿಂದ ಬೇಸ್‌ಮೆಂಟಿನ ಒಂದು ಕೋಣೆಗೆ ಒಂದೊಂದು ಫೈಬರ್ ಎಳೆಸುವುದು. ಆ ಕೇಬಲಿನ ಒಡೆತನ ಅಸೋಸಿಯೇಷನ್ನಿನದು. ಯಾವ ಕಂಪನಿ ಬಂದರೂ ತನ್ನ ಉಪಕರಣವನ್ನು ಆ ಕೋಣೆಯವರೆಗೆ ತಂದರೆ ಸಾಕು. ಮನೆಯವರು ಕಂಪನಿ ಬದಲಿಸಿದಾಗ ಕೋಣೆಯಲ್ಲಿ ಒಂದು ಪ್ಯಾಚ್ ಕೇಬಲ್ ಕಿತ್ತು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. ಗೋಡೆ ಕೊರೆಯುವುದಿಲ್ಲ, ಶಾಫ್ಟಿನಲ್ಲಿ ಸಿಂಬೆಗಳಿಲ್ಲ, ವಾರಕ್ಕೊಬ್ಬ ಅಪರಿಚಿತ ಪ್ರತಿ ಮಹಡಿ ಹತ್ತುವುದಿಲ್ಲ. ಕಾರ್ಯಕಾರಿ ಸಮಿತಿಯ ತಲೆನೋವು ಮತ್ತು ನಿವಾಸಿಗಳ ಆಯ್ಕೆ ಎರಡಕ್ಕೂ ಇದು ಉತ್ತರ. ಈಗಿರುವ ಒಪ್ಪಂದ ಎಂದು ಮುಗಿಯುತ್ತದೆ ಎಂಬ ದಿನಾಂಕವನ್ನೂ ಕೇಳಿ ತಿಳಿದುಕೊಳ್ಳಿ. ಅದರ ನವೀಕರಣದ ಸಭೆಗೆ ಮೊದಲು ಈ ಯೋಜನೆ ಸಮಿತಿಯ ಮೇಜಿನ ಮೇಲಿರಬೇಕು.

ಮುಂದಿನ ಸಲ ಮನೆ ನೋಡುವಾಗ

ಮನೆ ನೋಡಲು ಹೋದಾಗ ನಾವೆಲ್ಲ ಕಾವೇರಿ ನೀರು ಬರುತ್ತದೆಯೇ, ಬೋರ್‌ವೆಲ್ ಇದೆಯೇ, ಪವರ್ ಬ್ಯಾಕಪ್ ಎಷ್ಟು ಎಂದು ತಪ್ಪದೆ ವಿಚಾರಿಸುತ್ತೇವೆ. ಇಂಟರ್ನೆಟ್ ಬಗ್ಗೆ ‘ಇದೆಯಾ?’ ಎಂದು ಕೇಳಿ, ‘ಇದೆ’ ಎಂದರೆ ಸುಮ್ಮನಾಗುತ್ತೇವೆ. ಇನ್ನು ಮೇಲೆ ಇಷ್ಟನ್ನು ಕೇಳಿ: ಎಷ್ಟು ಕಂಪನಿಗಳ ಕನೆಕ್ಷನ್ ಇದೇ ಬ್ಲಾಕಿನಲ್ಲಿ ಚಾಲ್ತಿಯಲ್ಲಿವೆ? ಅತಿ ಕಡಿಮೆಯ ತಿಂಗಳ ಪ್ಲ್ಯಾನ್ ಎಷ್ಟು? ಫ್ಲ್ಯಾಟಿನೊಳಗೆ ಕೇಬಲ್ ಬರುವ ಪೈಪು ಎಲ್ಲಿದೆ, ಅದರಲ್ಲಿ ಜಾಗ ಇದೆಯೇ? ಬ್ರೋಕರ್ ಮಾತು ನಂಬಬೇಡಿ. ಅದೇ ಮಹಡಿಯ ಒಂದು ಮನೆಯ ಬೆಲ್ ಒತ್ತಿ ಕೇಳಿ, ಬೆಂಗಳೂರಿನ ಜನ ಈ ವಿಷಯಕ್ಕೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕಂಪನಿಗೆ ಪಿನ್‌ಕೋಡ್ ಹೇಳಿ ಕೇಳಬೇಡಿ, ಬ್ಲಾಕ್ ಹಾಗೂ ಫ್ಲ್ಯಾಟ್ ಸಂಖ್ಯೆ ಹೇಳಿ ಕೇಳಿ. ಅಡ್ವಾನ್ಸ್ ಕೊಡುವ ಮೊದಲು, ಇಷ್ಟವಾದ ಕಂಪನಿಯ ಕನೆಕ್ಷನ್ ಹಾಕಿಸಿಕೊಳ್ಳಲು ಮಾಲೀಕರ ಒಪ್ಪಿಗೆ ಇದೆ ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿಕೊಳ್ಳಿ.

ಬೆಂಗಳೂರಿನ ಹೊರಗಿನ ಓದುಗರು ಇದನ್ನು ಓದಿ, ‘ನಿಮಗೆ ಒಂದಾದರೂ ಇದೆಯಲ್ಲ’ ಎನ್ನಬಹುದು. ಆ ಮಾತಿನಲ್ಲಿ ಸತ್ಯವಿದೆ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದನ್ನು ನಾವು ಮರೆಯಬಾರದು. ಅಲ್ಲಿನ ಎಷ್ಟೋ ಊರುಗಳಿಗೆ ಇವತ್ತಿಗೂ ಬಿಎಸ್‌ಎನ್‌ಎಲ್ ಫೈಬರ್ ಬಿಟ್ಟರೆ ಬೇರೆ ತಂತಿಯ ಸಂಪರ್ಕವಿಲ್ಲ. ಅದನ್ನು ಮನೆಗೆ ಮುಟ್ಟಿಸುತ್ತಿರುವವರೂ ಸ್ಥಳೀಯ ಕೇಬಲ್ ಆಪರೇಟರುಗಳೇ. ಮಳೆಗಾಲದಲ್ಲಿ ಮರ ಬಿದ್ದರೆ ಆ ಒಂದು ಎಳೆಯೂ ಇಲ್ಲ. ಹಳ್ಳಿಗೂ ನಗರಕ್ಕೂ ಸಮಸ್ಯೆಯ ರೂಪ ಬೇರೆ. ಹಳ್ಳಿಯಲ್ಲಿ ಕೇಬಲ್ ಎಳೆಯುವ ಖರ್ಚೇ ಅಡ್ಡಿ, ಸರ್ಕಾರದ ಹಣ ಬೇಕು. ನಿಮ್ಮಲ್ಲಿ ಕೇಬಲ್ ಗೇಟಿನವರೆಗೆ ಬಂದು ನಿಂತಿದೆ. ಅದನ್ನು ಒಳಗೆ ತರಲು ಬೇಕಾಗಿರುವುದು ಒಂದು ಸಭೆಯ ಠರಾವು.

ಬಾಡಿಗೆದಾರರಾದ ನಿಮಗೆ ಆ ಸಭೆಯಲ್ಲಿ ಮತವಿಲ್ಲ ಎಂದೆ. ನಿಮ್ಮ ಮಾಲೀಕರಿಗೆ ಇದೆ. ಒಂದೇ ಕಂಪನಿಯ ದುಬಾರಿ ಇಂಟರ್ನೆಟ್ ಇರುವ ಫ್ಲ್ಯಾಟಿಗೆ ಮುಂದೆ ಬಾಡಿಗೆದಾರರು ಸಿಗುವುದು ಕಷ್ಟ ಎಂಬುದನ್ನು ಅವರಿಗೆ ಮನವರಿಕೆ ಮಾಡಿ, ಮೇಲೆ ಹೇಳಿದ ಫೈಬರ್ ಯೋಜನೆಯನ್ನು ವಾರ್ಷಿಕ ಸಭೆಯ ವಿಷಯಪಟ್ಟಿಗೆ ಸೇರಿಸಲು ಅವರ ಹೆಸರಿನಲ್ಲೇ ಒಂದು ಪತ್ರ ಬರೆಸಿ. ನಿಮ್ಮ ಮಹಡಿಯ ಉಳಿದ ಬಾಡಿಗೆದಾರರೂ ತಮ್ಮ ತಮ್ಮ ಮಾಲೀಕರಿಂದ ಹಾಗೇ ಬರೆಸಲಿ. ಅಷ್ಟು ಪತ್ರಗಳು ಒಟ್ಟಿಗೆ ಬಂದರೆ ಯಾವ ಸಮಿತಿಯೂ ಸುಲಭವಾಗಿ ಪಕ್ಕಕ್ಕಿಡಲಾರದು. ನೀವು ಆ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರೋ ಗೊತ್ತಿಲ್ಲ, ಆದರೆ ನಿಮ್ಮ ನಂತರ ಬರುವ ಬಾಡಿಗೆದಾರರು ನಿಮ್ಮ ಹಾಗೆ ಪ್ರಶ್ನೆ ಕೇಳಬೇಕಾಗಿ ಬರಬಾರದು.